ಹೋಬಳಿಯಿಂದ ಜನಸಂಖ್ಯಾ ಪಾಠ: ಬೈರಕೂರನ್ನು ಉದಾಹರಣೆಯಾಗಿಟ್ಟುಕೊಂಡು

ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ಜನಸಂಖ್ಯೆಯ ಪಾಠ ಸಾಮಾನ್ಯವಾಗಿ ದೇಶದ ಅಂಕಿಅಂಶಗಳಿಂದ ಆರಂಭವಾಗುತ್ತದೆ. ಕೋಟಿಗಳ ಲೆಕ್ಕ ಮಕ್ಕಳ ಕಲ್ಪನೆಗೆ ನಿಲುಕುವುದು ಕಷ್ಟ. ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂಬ ಬೋಧನಾ ಸೂತ್ರದಂತೆ, ಮಕ್ಕಳ ಸ್ವಂತ ಹೋಬಳಿಯಿಂದಲೇ ಈ ಪಾಠವನ್ನು ಆರಂಭಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

1. ನೆಲದ ಪರಿಚಯ

ಮುಳಬಾಗಿಲು ತಾಲ್ಲೂಕಿನಲ್ಲಿ ಕಸಬಾ, ಆವಣಿ, ದುಗ್ಗಸಂದ್ರ, ತಾಯಲೂರು, ಬೈರಕೂರು ಎಂಬ ಐದು ಹೋಬಳಿಗಳಿವೆ. ತಾಲ್ಲೂಕು ರಾಜ್ಯದ ಪೂರ್ವದ ಅಂಚಿನಲ್ಲಿದೆ, ಆಚೆಗೆ ಆಂಧ್ರಪ್ರದೇಶ. ‘ಮೂಡಲ ಬಾಗಿಲು’ ಎಂಬುದೇ ಮುಳಬಾಗಿಲು ಆಯಿತೆಂದು ಹೇಳುತ್ತಾರೆ. ಮಕ್ಕಳಿಗೆ ದಿಕ್ಕುಗಳನ್ನು ಕಲಿಸಲು ಈ ಹೆಸರೊಂದೇ ಸಾಕು.

ಇಲ್ಲಿಯದು ಬಂಡೆಗುಡ್ಡಗಳಿರುವ ಮೈದಾನ, ಕೆಂಪು ಮಣ್ಣು. ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ವಾರ್ಷಿಕ ಮಳೆ ಸುಮಾರು 750 ಮಿ.ಮೀ. ಹೀಗಾಗಿ ಹಿಂದಿನವರು ಕೆರೆ ಕಟ್ಟಿದರು, ಕೆರೆಯ ಪಕ್ಕದಲ್ಲಿ ಊರು ಕಟ್ಟಿದರು. ನಂತರ ಕೊಳವೆಬಾವಿ ಬಂದಿತು, ಅಂತರ್ಜಲ ಪಾತಾಳಕ್ಕಿಳಿಯಿತು. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ರಾಗಿ, ನೆಲಗಡಲೆ, ಟೊಮೆಟೊ, ಹಿಪ್ಪುನೇರಳೆ, ಹೈನುಗಾರಿಕೆ ಇಲ್ಲಿನ ಜೀವನಾಧಾರ. ಜನ ಎಲ್ಲಿ ನೆಲೆಸಿದರು, ಏಕೆ ನೆಲೆಸಿದರು ಎಂಬುದಕ್ಕೆ ಉತ್ತರ ನೀರಿನಲ್ಲಿದೆ ಎಂಬುದನ್ನು ಮಕ್ಕಳು ನಕ್ಷೆ ನೋಡಿಯೇ ಹೇಳಬಲ್ಲರು.

2. ‘ಊರು’ ಎಂದರೆ ಯಾವುದು?

ಎಣಿಸುವ ಮುನ್ನ ಎಣಿಕೆಯ ಘಟಕ ಸ್ಪಷ್ಟವಾಗಬೇಕು. ಹೋಬಳಿ ಕಂದಾಯ ಇಲಾಖೆಯ ವಿಭಾಗ. ಗ್ರಾಮ ಪಂಚಾಯಿತಿ ಚುನಾಯಿತ ಸಂಸ್ಥೆ. ಎರಡರ ಗಡಿಗಳೂ ಒಂದೇ ಅಲ್ಲ. ಒಂದು ಕಂದಾಯ ಗ್ರಾಮದಲ್ಲಿ ಎರಡು ಮೂರು ಜನವಸತಿಗಳಿರಬಹುದು. ಸರ್ವೆ ನಂಬರು, ಎಲ್ಲೆ ಎಲ್ಲವೂ ಇದ್ದು ಒಂದು ಮನೆಯೂ ಇಲ್ಲದ ಬೇಚರಾಕ್ ಗ್ರಾಮಗಳೂ ದಾಖಲೆಯಲ್ಲಿರುತ್ತವೆ. ಜನಗಣತಿಯ ಪಟ್ಟಿಯಲ್ಲಿ ಅವುಗಳ ಜನಸಂಖ್ಯೆ ಸೊನ್ನೆ. ‘ಜನರಿಲ್ಲದ ಊರು ಊರೇ?’ ಎಂಬ ಪ್ರಶ್ನೆ ತರಗತಿಯಲ್ಲಿ ಒಳ್ಳೆಯ ಚರ್ಚೆಯನ್ನು ಹುಟ್ಟಿಸುತ್ತದೆ.

ಹೊರಗಿನ ಹೋಲಿಕೆಯೂ ಉಪಯುಕ್ತ. ಫಿಲಿಪ್ಪೀನ್ಸ್‌ನಲ್ಲಿ ಮುನ್ಸಿಪಾಲಿಟಿ ಎಂದರೆ ಪಟ್ಟಣವೇ ಆಗಬೇಕೆಂದಿಲ್ಲ. ಹೊಲಗದ್ದೆಗಳ ಪ್ರದೇಶವೂ ಮೇಯರ್ ಇರುವ ಮುನ್ಸಿಪಾಲಿಟಿಯಾಗಿರುತ್ತದೆ. ಅದರೊಳಗೆ ‘ಬರಂಗಾಯ್’ ಎಂಬ ಚಿಕ್ಕ ಘಟಕಗಳಿರುತ್ತವೆ. ಹೆಸರು ಒಂದೇ ಎಂದ ಮಾತ್ರಕ್ಕೆ ಘಟಕ ಒಂದೇ ಅಲ್ಲ ಎಂಬುದು ಇದರಿಂದ ಮನದಟ್ಟಾಗುತ್ತದೆ.

3. ಅಂಕಿಗಳನ್ನು ಓದುವ ಬಗೆ

2001ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ 25,36,069. 2011ರಲ್ಲಿ 15,36,401. ಎರಡನ್ನೂ ಕಪ್ಪುಹಲಗೆಯ ಮೇಲೆ ಬರೆದು ‘ಹತ್ತು ಲಕ್ಷ ಜನ ಎಲ್ಲಿ ಹೋದರು?’ ಎಂದು ಕೇಳಬೇಕು. ಬರ, ವಲಸೆ, ರೋಗ ಎಂದು ಮಕ್ಕಳು ಊಹಿಸಬಹುದು. ನಿಜವೇನೆಂದರೆ ಯಾರೂ ಎಲ್ಲಿಗೂ ಹೋಗಿಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು. ಇಂದಿನ ಕೋಲಾರದ ಎಲ್ಲೆಯೊಳಗೆ 2001ರಲ್ಲಿ ಇದ್ದವರು 13,87,062. ಆದ್ದರಿಂದ ಹತ್ತು ವರ್ಷಗಳ ನಿಜವಾದ ಬೆಳವಣಿಗೆ:

(15,36,401 − 13,87,062) ÷ 13,87,062 × 100 = ಶೇ. 10.77

ಇದೇ ಅವಧಿಯಲ್ಲಿ ರಾಜ್ಯದ ಬೆಳವಣಿಗೆ ಶೇ. 15.6, ಬೆಂಗಳೂರು ನಗರ ಜಿಲ್ಲೆಯದು ಶೇ. 47. ಜನಸಂಖ್ಯೆಯ ಬದಲಾವಣೆ ಎಂದರೆ ಜನನದಲ್ಲಿ ಮರಣ ಕಳೆದು, ಬಂದವರನ್ನು ಕೂಡಿಸಿ, ಹೋದವರನ್ನು ಕಳೆಯುವುದು. ಕೋಲಾರದ ಕಡಿಮೆ ಬೆಳವಣಿಗೆಗೆ ಜನನ ತಗ್ಗಿದ್ದು ಎಷ್ಟು ಕಾರಣ, ಬೆಂಗಳೂರಿಗೆ ಹೋದವರು ಎಷ್ಟು ಕಾರಣ ಎಂದು ಒಟ್ಟು ಸಂಖ್ಯೆಯೊಂದರಿಂದಲೇ ಹೇಳಲಾಗದು. ಹೀಗೆ ‘ಹೇಳಲಾಗದು’ ಎನ್ನುವುದನ್ನು ಕಲಿಸುವುದೂ ಗಣಿತದ ಭಾಗವೇ.

ಸಾಕ್ಷರತೆಯಲ್ಲೂ ಎಚ್ಚರ ಬೇಕು. ಜಿಲ್ಲೆಯ ಶೇ. 74.39 ಎಂಬುದು 7 ವರ್ಷ ಮತ್ತು ಮೇಲ್ಪಟ್ಟವರಿಗೆ ಮಾತ್ರ ಸಂಬಂಧಿಸಿದ್ದು. ಅದನ್ನು ಒಟ್ಟು ಜನಸಂಖ್ಯೆಗೆ ಗುಣಿಸಿದರೆ ಕೈಕೂಸುಗಳನ್ನೂ ಸೇರಿಸಿಕೊಂಡು ಲೆಕ್ಕ ಹಾಕಿದಂತಾಗುತ್ತದೆ.

4. ತರಗತಿ ಚಟುವಟಿಕೆ (ಎರಡು ಅವಧಿ)

ಮೊದಲ ಅವಧಿ: ಗುಂಪುಗಳಲ್ಲಿ ತಮ್ಮ ಬೀದಿಯ ಕೈನಕ್ಷೆ ಬರೆಯುವುದು, ಕೆರೆ, ಶಾಲೆ, ಹಾಲಿನ ಡೇರಿ, ಬಸ್ ನಿಲ್ದಾಣ ಗುರುತಿಸುವುದು. ಮನೆಪಾಠವಾಗಿ ಪ್ರತಿ ಗುಂಪು ಹತ್ತು ಮನೆಗಳಲ್ಲಿ ಮೂರೇ ಪ್ರಶ್ನೆ ಕೇಳಬೇಕು: ಎಷ್ಟು ಜನರಿದ್ದೀರಿ? ಮನೆಯಲ್ಲಿ ಆಡುವ ಮಾತು ಯಾವುದು? ಕೆಲಸಕ್ಕಾಗಿ ಬೇರೆ ಊರಿನಲ್ಲಿ ಇರುವವರು ಎಷ್ಟು ಮಂದಿ?

ಎರಡನೇ ಅವಧಿ: ಕೋಷ್ಟಕ ಮತ್ತು ಸ್ತಂಭಾಲೇಖ. ಗಡಿಭಾಗದಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ಮಕ್ಕಳು ಬಹಳ. ಅದನ್ನು ಕೊರತೆಯೆಂದು ಬಿಂಬಿಸದೆ ದತ್ತಾಂಶವೆಂದೇ ಬರೆಯಿಸಬೇಕು. ಮೂರನೇ ಪ್ರಶ್ನೆಗೆ ಬಂದ ಉತ್ತರ ಚರ್ಚೆಯ ಮುಖ್ಯ ವಸ್ತು: ವಾರಕ್ಕೊಮ್ಮೆ ಊರಿಗೆ ಬರುವ ಅಣ್ಣನನ್ನು ಬೈರಕೂರಿನಲ್ಲಿ ಎಣಿಸಬೇಕೋ, ಬೆಂಗಳೂರಿನಲ್ಲೋ?

ಜಾತಿ, ಆದಾಯ, ಕಾಯಿಲೆಗಳ ಬಗ್ಗೆ ಮಕ್ಕಳಿಂದ ಕೇಳಿಸಬಾರದು. ಕೋಷ್ಟಕದಲ್ಲಿ ಮನೆಯವರ ಹೆಸರೂ ಬೇಡ. 1948ರ ಜನಗಣತಿ ಕಾಯ್ದೆಯಲ್ಲೂ ವ್ಯಕ್ತಿಯ ಮಾಹಿತಿ ಗೋಪ್ಯ ಎಂಬ ನಿಯಮವಿದೆ.

5. ಮೌಲ್ಯಮಾಪನ

‘ಜನಸಾಂದ್ರತೆ ಎಂದರೇನು?’ ಎಂಬ ಪ್ರಶ್ನೆಗಿಂತ ‘ಈ ಎರಡು ಸಂಖ್ಯೆಗಳನ್ನು ಹೋಲಿಸಬಹುದೇ? ಏಕೆ?’ ಎಂಬ ಪ್ರಶ್ನೆ ಕಲಿಕೆಯನ್ನು ಚೆನ್ನಾಗಿ ಅಳೆಯುತ್ತದೆ.

ಈ ಪಾಠ ಪ್ರಶಿಕ್ಷಣಾರ್ಥಿಗಳಾದ ನಮಗೂ ಬೇಕಾದದ್ದು. 2021ರ ಜನಗಣತಿ ಮುಂದೂಡಲ್ಪಟ್ಟಿದ್ದರಿಂದ 2011ರ ಅಂಕಿಗಳನ್ನೇ ಇಷ್ಟು ಕಾಲ ಬಳಸಬೇಕಾಯಿತು. ಮುಂದಿನ ಗಣತಿಗೆ 2027ರ ಮಾರ್ಚ್ 1 ಅನ್ನು ಆಧಾರ ದಿನವಾಗಿ ಗೊತ್ತುಪಡಿಸಲಾಗಿದೆ. ಗಣತಿದಾರರಾಗಿ ಮನೆಮನೆಗೆ ಹೋಗುವವರಲ್ಲಿ ಶಿಕ್ಷಕರೇ ಹೆಚ್ಚು. ತೋಟದ ಮನೆ, ಇಟ್ಟಿಗೆ ಗೂಡಿನ ಬಳಿಯ ಗುಡಿಸಲು ಬಿಟ್ಟುಹೋದರೆ ಅಲ್ಲಿನ ಮಗು ಲೆಕ್ಕದಲ್ಲಿ ಇರುವುದಿಲ್ಲ. ಶಾಲಾ ಕೊಠಡಿ, ಅಂಗನವಾಡಿ, ಪಡಿತರದ ಯೋಜನೆಗಳು ರೂಪುಗೊಳ್ಳುವುದು ಆ ಲೆಕ್ಕದ ಮೇಲೆಯೇ.