ಸೋರದ ಹಂಚು

ಮಂಗಳೂರಿನ ಬೀದಿಗಳಲ್ಲಿ ಕಿತ್ತಳೆಹಣ್ಣು ಮಾರಿ, ಕೂಡಿಟ್ಟ ಹಣದಿಂದ ತಮ್ಮ ಊರಿನ ಮಕ್ಕಳಿಗೆ ಶಾಲೆಯೊಂದನ್ನು ತಂದುಕೊಟ್ಟ ಹರೇಕಳ ಹಾಜಬ್ಬನವರ ಹೆಸರನ್ನು ಕೇಳದ ಕನ್ನಡಿಗರು ವಿರಳ. ವಿದೇಶೀಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾರದೆ ನಿಂತ ಗಳಿಗೆಯ ನಾಚಿಕೆಯೇ ಆ ಶಾಲೆಗೆ ಅಡಿಗಲ್ಲಾಯಿತು. ಶಾಲೆ ಆರಂಭವಾದದ್ದು 2000ದಲ್ಲಿ. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದ ಸುದ್ದಿಯನ್ನು ಓದಿದಾಗ ನನ್ನ ಮನಸ್ಸು ಅದೇ ಜಿಲ್ಲೆಯ, ಅದೇ ಕಾಲದ ಇನ್ನೊಂದು ಶಾಲೆಯ ಕಡೆಗೆ ಹೊರಳಿತು. ಅದು ನಾನು ಕಲಿತ ಶಾಲೆ. ಅದರ ಕಥೆ ಯಾವ ಪತ್ರಿಕೆಯಲ್ಲಿಯೂ ಬಂದುದಲ್ಲ.

ಗೇರುಮರಗಳ ಗುಡ್ಡದ ಓರೆಯಲ್ಲಿ ನಾಲ್ಕು ಕೋಣೆ, ಒಂದು ಜಗಲಿ, ಇಬ್ಬರು ಅಧ್ಯಾಪಕರು, 61 ಮಕ್ಕಳು. ಇಷ್ಟೇ ನಮ್ಮ ಶಾಲೆ. 1999ರ ಆಟಿ ತಿಂಗಳ ಒಂದು ರಾತ್ರಿ ಬೀಸಿದ ಗಾಳಿಗೆ ಪಕ್ಕದ ತೋಟದ ಹಲಸಿನ ಮರ ಬುಡಸಹಿತ ಉರುಳಿ, ಎರಡು ಕೋಣೆಗಳ ಮಾಡು ನೆಲಕ್ಕಿಳಿಯಿತು. ರಾತ್ರಿಯಾದುದರಿಂದ ಯಾರಿಗೂ ಅಪಾಯವಾಗಲಿಲ್ಲ. ಮರುದಿನದಿಂದ ಐದು, ಆರು, ಏಳನೆಯ ತರಗತಿಗಳು ಒಂದೇ ಜಗಲಿಯಲ್ಲಿ ನಡೆದವು. ಒಂದು ಕಡೆ ಮಗ್ಗಿ, ಇನ್ನೊಂದು ಕಡೆ ಪದ್ಯ, ನಡುವೆ ಮಳೆಯ ಎರಚಲು! ಮೇಲಿನವರಿಗೆ ಅರ್ಜಿ ಹೋಯಿತು. ಉತ್ತರಕ್ಕಿಂತ ಮೊದಲು ಮುಂದಿನ ಮಳೆಗಾಲವೇ ಬರಬಹುದೆಂದು ಊರವರು ನಕ್ಕರು. ಇಂದು ಸರಕಾರಿ ಶಾಲೆಗಳಿಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದದ್ದು 2001ರಲ್ಲಿ. ನಮಗೆ ಆಗ ಇದ್ದದ್ದು ಊರು ಮಾತ್ರ.

ಮರದ ಒಡೆಯರು ಬಿದ್ದ ಮರವನ್ನು ಶಾಲೆಗೇ ಬಿಟ್ಟುಕೊಟ್ಟರು. ಮಾಡು ಮುರಿದ ಮರವೇ ಪಕ್ಕಾಸು, ರೀಪುಗಳಾಗುವುದೆಂದು ನಿಶ್ಚಯವಾಯಿತು. ಮರ ಕೊಯ್ಯುವ ಕೂಲಿ, ಆಚಾರಿಗಳ ಮಜೂರಿ ಮತ್ತು 700 ಹಂಚುಗಳ ಬೆಲೆಗೆ ಹಣ ಒದಗಬೇಕಾಗಿತ್ತು.

ಮೊದಲು ನಡೆದದ್ದು ‘ಕೃಷ್ಣ ಸಂಧಾನ’ ತಾಳಮದ್ದಲೆ. ಪಾಂಡವರಿಗೆ ಐದು ಗ್ರಾಮಗಳನ್ನಾದರೂ ಕೊಡಲೊಪ್ಪದ ಕೌರವನಾಗಿ ನಮ್ಮ ಮುಖ್ಯೋಪಾಧ್ಯಾಯರು ಗುಡುಗಿದರು. ಪ್ರಸಂಗ ಮುಗಿದೊಡನೆ ಅದೇ ಕೌರವ ಹರಿವಾಣ ಹಿಡಿದು ಸಭೆಯ ನಡುವೆ ಬಂದಾಗ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು, ನಗುತ್ತಲೇ ಕೊಟ್ಟರು. ಬಳಿಕ ಏಲಂ. ತಂದವನೇ ತನ್ನ ಬಾಳೆಗೊನೆಯನ್ನು ಹೆಚ್ಚಿನ ಬೆಲೆಗೆ ಕೂಗಿ ಮನೆಗೊಯ್ದದ್ದೂ ಉಂಟು.

ಮಕ್ಕಳ ಪಾಲಿಗೆ ಬಂದದ್ದು ಗೇರುಬೀಜ. ನಾಲ್ವರಿಗೊಂದು ಗುಂಪು, ಗುಂಪಿಗೊಂದು ಡಬ್ಬ. ಮನೆಯ ಗುಡ್ಡದಲ್ಲಿ ಬಿದ್ದ ಬೀಜವನ್ನು ಹಿರಿಯರನ್ನು ಕೇಳಿ ಹೆಕ್ಕಿ ತರಬೇಕು; ಪ್ರತಿ ಶನಿವಾರ ಅಳತೆ. ಯಾವ ಗುಂಪಿನದು ಹೆಚ್ಚೆಂಬುದನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ಎರಡು ವಾರ ನಮ್ಮ ಗುಂಪು ಕೊನೆಯಲ್ಲಿತ್ತು. ಆ ಅವಮಾನವನ್ನು ಆರನೆಯ ತರಗತಿಯ ನನ್ನಿಂದ ತಾಳಲಾಗಲಿಲ್ಲ.

ಊರಿನ ಅಂಚಿನಲ್ಲಿ ಒಂಟಿಯಾಗಿ ವಾಸಿಸುತ್ತಿದ್ದ ಅಜ್ಜಿಯೊಬ್ಬಳಿಗೆ ಏಳೆಂಟು ಗೇರುಮರಗಳಿದ್ದವು. ಒಂದು ಮಧ್ಯಾಹ್ನ ಅವಳು ಮಲಗಿದ್ದಾಗ ನಾವು ನಾಲ್ವರೂ ಮರವೇರಿ, ಬಲಿತದ್ದು ಎಳೆಯದು ನೋಡದೆ ಕಿತ್ತು ಡಬ್ಬ ತುಂಬಿದೆವು.

ಶನಿವಾರ ಮುಖ್ಯೋಪಾಧ್ಯಾಯರು ನಮ್ಮ ಡಬ್ಬವನ್ನು ನೋಡಿದರು. ಏನೂ ನುಡಿಯದೆ ಅದನ್ನು ನೀರಿನ ಬಾಲ್ದಿಗೆ ಸುರಿದರು. ಬಲಿತ ಬೀಜ ಮುಳುಗುತ್ತದೆ, ಎಳೆಯದು ತೇಲುತ್ತದೆ. ನಮ್ಮ ಬೀಜಗಳಲ್ಲಿ ಅರ್ಧಕ್ಕರ್ಧ ತೇಲಿದವು. ಅವರ ದೃಷ್ಟಿ ಗೇರುಸೊನೆ ತಗಲಿ ಸುಟ್ಟ ನಮ್ಮ ಕೈಗಳ ಮೇಲೆ ನಿಂತಿತು. ಇನ್ನು ಹೇಳುವುದಕ್ಕೇನಿದೆ? ನಾನು ಎಲ್ಲವನ್ನೂ ಒಪ್ಪಿಕೊಂಡೆ.

ಅವರು ಬೆತ್ತಕ್ಕೆ ಕೈಹಾಕಲಿಲ್ಲ. “ಕದ್ದ ಬೀಜದಿಂದ ಬಂದ ಹಂಚು ಒಂದೇ ಇದ್ದರೂ ಮಾಡು ಅಲ್ಲಿಯೇ ಸೋರುತ್ತದೆ. ಹೋಗಿ ಕೊಟ್ಟು ಬನ್ನಿ” ಎಂದರು.

ಅಜ್ಜಿ ನಮ್ಮನ್ನು ಕ್ಷಮಿಸಿ ಬೀಜವನ್ನು ಶಾಲೆಗೇ ಬಿಡುವಳೆಂದು ನಾನು ಒಳಗೊಳಗೇ ನಂಬಿದ್ದೆ. ಹಾಗಾಗಲಿಲ್ಲ. ಅವಳು ಡಬ್ಬವನ್ನು ಬರಿದು ಮಾಡಿಕೊಂಡಳು. ಎಳೆಯ ಬೀಜಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಮಳೆಗಾಲದ ನಾಲ್ಕು ತಿಂಗಳ ಅಕ್ಕಿಗೆ ಅವಳಿಗಿದ್ದ ಆಧಾರ ಆ ಮರಗಳೇ ಎಂಬುದು ನಮಗೆ ತಿಳಿದದ್ದು ಆಗ. ಕೊನೆಗೆ ತುಳುವಿನಲ್ಲಿ ಅವಳೆಂದುದರ ತಾತ್ಪರ್ಯ ಇಷ್ಟು: “ನನಗೆ ಬಗ್ಗಿ ಹೆಕ್ಕಲು ಆಗುವುದಿಲ್ಲ. ನೀವು ಬಂದು ಹೆಕ್ಕಿಕೊಡಿ. ಹತ್ತು ಸೇರಿಗೆ ಒಂದು ಸೇರು ಶಾಲೆಗೆ.”

ಬೇಸಿಗೆ ಮುಗಿಯುವವರೆಗೂ ನಾವು ಹೋದೆವು. ಬೀಳುವವರೆಗೆ ಕಾಯುವುದನ್ನೂ, ಹಣ್ಣಿನಿಂದ ಬೀಜವನ್ನು ತಿರುವಿ ತೆಗೆಯುವುದನ್ನೂ, ಬಿಸಿಲಿಗೆ ಹರಡುವುದನ್ನೂ ಅಜ್ಜಿಯೇ ಕಲಿಸಿದಳು. ಶಾಲೆಯ ಪಾಲಿಗೆ ಬಂದದ್ದು ಎರಡೇ ಸೇರು. ಕರಿಹಲಗೆಯ ಮೇಲೆ ನಮ್ಮ ಗುಂಪು ಕೊನೆಯಲ್ಲಿಯೇ ಉಳಿಯಿತು. ಆದರೆ ಅದನ್ನು ನೋಡಿ ತಲೆತಗ್ಗಿಸಬೇಕೆಂದು ಆಮೇಲೆ ಅನ್ನಿಸಲಿಲ್ಲ.

2000ದ ಮೇ ತಿಂಗಳಲ್ಲಿ ಹಂಚು ಬಂತು. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಕರಾವಳಿಯ ಮಾಡುಗಳಿಗೆ ಹೊದಿಕೆಯಾದ ಅದೇ ಕೆಂಪು ಹಂಚು. ಲಾರಿ ತೋಡಿನ ಆಚೆಯೇ ನಿಂತಿತು; ಅಲ್ಲಿಂದ ಶಾಲೆಗೆ ಇನ್ನೂರು ಹೆಜ್ಜೆಯ ಏರು. ರಜೆಯಾಗಿದ್ದರೂ ಮಕ್ಕಳೆಲ್ಲರೂ ಬಂದರು. ತಾಯಂದಿರು, ತಂದೆಯರು, ಅಡಿಕೆ ತೋಟದ ಒಡೆಯರು, ಆ ತೋಟದ ಆಳುಗಳು, ಎಲ್ಲರೂ ಒಂದೇ ಸಾಲಿನಲ್ಲಿ ನಿಂತರು. ಹಂಚು ಕೈಯಿಂದ ಕೈಗೆ ಏರಿಹೋಯಿತು. ಯಾರ ಕೈಯಿಂದ ಪಡೆದೆ, ಯಾರ ಕೈಗೆ ಕೊಟ್ಟೆ ಎಂದು ಆ ದಿನ ಯಾರೂ ಕೇಳಲಿಲ್ಲ. ಕೇಳುವುದಕ್ಕೆ ಪುರಸೊತ್ತೂ ಇರಲಿಲ್ಲ. ಒಂದು ಗಳಿಗೆ ತಡೆದರೆ ಕೆಳಗೆ ಇಡೀ ಸಾಲು ನಿಲ್ಲುತ್ತಿತ್ತು. 700ರಲ್ಲಿ ಒಡೆದದ್ದು ಮೂರು.

ಜೂನಿನಲ್ಲಿ ಶಾಲೆ ತೆರೆದಾಗ ಗೋಡೆಯ ಮೇಲೆ ದಾನಿಗಳ ಪಟ್ಟಿ ಬರೆಸಿದ್ದರು. ಮರ ಕೊಟ್ಟವರು, ಸಾವಿರ ಕೊಟ್ಟವರು, ನೂರು ಕೊಟ್ಟವರು. ಎಲ್ಲರಿಗಿಂತ ಮೊದಲು ಅಜ್ಜಿಯ ಹೆಸರು. ಅದರ ಮುಂದೆ ‘ಗೇರುಬೀಜ, 2 ಸೇರು.’

ಇಂದು ನನ್ನ ವಿದ್ಯಾರ್ಥಿಗಳು ಕಾಲೇಜಿನ ಯಾವುದೇ ಕಾರ್ಯಕ್ಕೆ ಮೊಬೈಲಿನ ಮೇಲೆ ಬೆರಳೊತ್ತಿ ಅರ್ಧ ದಿನದಲ್ಲಿ ಹಣ ಕೂಡಿಸುತ್ತಾರೆ. ಅದು ತಪ್ಪೆಂದು ನಾನು ಹೇಳಲಾರೆ; ಹಣ ಬೇಗ ಸೇರಿದರೆ ಕೆಲಸವೂ ಬೇಗ ಆಗುತ್ತದೆ. ಆದರೆ ಆ ಪಟ್ಟಿಯ ಮುಂದೆ ನಡೆದ ಒಂದು ಮಾತನ್ನು ಅವರಿಗೆ ಹೇಳದೆ ಇರುವುದಿಲ್ಲ. ನಮ್ಮ ಹೆಸರುಗಳನ್ನು ಅದರಲ್ಲಿ ಹುಡುಕಿ ಕಾಣದೆ ನಾನು ಕೇಳಿದ್ದೆ: “ಮಾಷ್ಟ್ರೇ, ನಾವೂ ಹೆಕ್ಕಿದ್ದೇವಲ್ಲ, ಹೊತ್ತಿದ್ದೇವಲ್ಲ, ನಮ್ಮ ಹೆಸರೆಲ್ಲಿ?”

ಅವರು ನಕ್ಕು ಹೇಳಿದರು: “ಅದು ಕೊಟ್ಟವರ ಪಟ್ಟಿ, ಮಗಾ. ನೀವು ಮನೆಯವರು. ಮನೆಯವರ ಹೆಸರನ್ನು ಯಾರಾದರೂ ಗೋಡೆಗೆ ಬರೆಯುತ್ತಾರೆಯೇ?”