ಒಡೆಯದೆ ಉಳಿದ ಮೊಟ್ಟೆಗಳು

ದಾದರಿನ ಉಪಾಹಾರಗೃಹವೊಂದರಲ್ಲಿ ಗಲ್ಲಾದ ಮೇಲೆ ಕುಳಿತುಕೊಳ್ಳುವ ನಮ್ಮ ಪರಿಚಿತರೊಬ್ಬರು ಮೂರು ತಿಂಗಳ ಹಿಂದೆ ನಮ್ಮನ್ನು ತಮ್ಮ ಬಿಡಾರಕ್ಕೆ ಕರೆದೊಯ್ದರು. ಬಿಡಾರವೆಂದರೆ ನಾಲಾಸೋಪಾರದ ಚಾಳೊಂದರ ಕೆಳ ಅಂತಸ್ತಿನಲ್ಲಿರುವ ಒಂಟಿ ಖೋಲಿ. ಅದರ ಹಿಂಭಾಗದಲ್ಲಿ, ಗೋಡೆಗೂ ಗಟಾರಕ್ಕೂ ನಡುವೆ, ಎರಡು ಮಂಚಗಳನ್ನು ಹಾಕಬಹುದಾದಷ್ಟು ತೆರಪಿದೆ. ಆ ತೆರಪಿನಲ್ಲಿ ತಂತಿಬಲೆಯ ಗೂಡೊಂದನ್ನು ಕಟ್ಟಿ ಅವರು ಒಂದು ಹುಂಜವನ್ನೂ ಮೂರು ಹೇಂಟೆಗಳನ್ನೂ ಸಾಕಿಕೊಂಡಿದ್ದರು. ನಾವು ನೋಡಹೋದದ್ದು ಅವುಗಳನ್ನೇ.

ಊರಿನ ಕೋಳಿಗಳನ್ನು ಕಂಡ ಕಣ್ಣಿಗೆ ಇವು ಕೋಳಿಗಳೆಂದು ನಂಬಿಕೆಯಾಗುವುದು ತುಸು ಕಷ್ಟವೇ ಸರಿ. ಕಾಲುಗಳು ಎಷ್ಟು ಗಿಡ್ಡವೆಂದರೆ ಹಕ್ಕಿ ನಡೆಯುವಾಗ ಎದೆಯ ಗರಿಗಳು ನೆಲವನ್ನು ಸವರುತ್ತವೆ. ಬಾಲವಾದರೋ ನೆಟ್ಟಗೆ ನಿಂತು ತಲೆಗಿಂತಲೂ ಮೇಲಕ್ಕೆ ಏರುತ್ತದೆ. ಮೈ ಅಚ್ಚ ಬಿಳಿ, ಬಾಲ ಕಪ್ಪು, ಹುಂಜದ ಜುಟ್ಟು ಆ ಪುಟ್ಟ ದೇಹಕ್ಕೆ ಭಾರವೆನಿಸುವಷ್ಟು ದೊಡ್ಡದು. ಇಷ್ಟೆಲ್ಲ ಇದ್ದೂ ತೂಕ ಮುಕ್ಕಾಲು ಕಿಲೋ ಮೀರುವುದಿಲ್ಲ. ಜಪಾನೀ ಬ್ಯಾಂಟಮ್ ಎಂದು ಇದರ ಹೆಸರು. ಜಪಾನಿನವರು ಚಾಬೋ ಎನ್ನುತ್ತಾರೆ.

"ಮಾರಾಯರೆ, ನಿಮ್ಮನ್ನು ಕರೆತಂದದ್ದು ಚಂದ ನೋಡುವುದಕ್ಕಲ್ಲ," ಎಂದು ನಮ್ಮ ಮಿತ್ರರು ಚಹಾದ ಲೋಟವನ್ನು ಮುಂದಿಟ್ಟು ಮಾತು ತೆಗೆದರು. "ಮೂರು ಸಲ ಕಾವಿಗೆ ಇಟ್ಟೆ. ಸಲಕ್ಕೆ ಎಂಟು ಮೊಟ್ಟೆ. ಒಮ್ಮೆ ಎರಡು, ಒಮ್ಮೆ ಮೂರು, ಒಮ್ಮೆ ಎರಡು ಒಡೆಯದೆ ಉಳಿದವು. ಹೇಂಟೆ ಒಂದು ದಿನವೂ ಗೂಡು ಬಿಟ್ಟು ಏಳಲಿಲ್ಲ. ಇದು ಯಾಕೆ ಹೀಗೆ?"

ಒಡೆದ ಹದಿನೇಳರಲ್ಲಿಯೂ ಆರು ಮರಿಗಳು ಊರುಕೋಳಿಯಂತೆ ಉದ್ದಗಾಲಿನವಾಗಿ ಬೆಳೆದಿದ್ದವು. ಜೋಡಿಗಳನ್ನು ಮಾರಿದ ವ್ಯಾಪಾರಿ ಬೆರಕೆಯ ಕೋಳಿಗಳನ್ನು ಶುದ್ಧ ತಳಿಯೆಂದು ನಂಬಿಸಿದನೆಂದು ನಮ್ಮ ಮಿತ್ರರಿಗೆ ಖಾತ್ರಿಯಾಗಿತ್ತು. ಆ ಆರನ್ನೂ ಅವರು ಅವರಿವರಿಗೆ ಕೊಟ್ಟುಬಿಟ್ಟಿದ್ದರು. ಆದರೆ ಮನೆಯೊಳಗೆ ಮಾತು ಬೇರೆ ದಾರಿ ಹಿಡಿದಿತ್ತು. ಕಾರ್ಕಳದ ಕಡೆಯಿಂದ ಅವರ ತಾಯಿ ಫೋನಿನಲ್ಲಿ, ದೈವಕ್ಕೆ ಹೇಳಿಕೊಂಡ ಹರಕೆ ಯಾವುದಾದರೂ ಬಾಕಿ ಇದೆಯೇ ಎಂದು ಕೇಳಿದ್ದರು. ಮದುವೆಯಾಗಿ ಒಂಬತ್ತು ವರ್ಷಗಳಾದರೂ ಮಕ್ಕಳಾಗದ ಮನೆಯಲ್ಲಿ ಇಂಥ ಪ್ರಶ್ನೆ ಎಲ್ಲಿಗೆ ಹೋಗಿ ತಾಗುತ್ತದೆಂಬುದನ್ನು ವಾಚಕರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ನಾವು ಕುಳಿತಿದ್ದಷ್ಟು ಹೊತ್ತೂ ಅವರ ಪತ್ನಿ ಹಿಂದಿನ ಬಾಗಿಲಿನತ್ತ ಸುಳಿಯಲಿಲ್ಲ.

ತಿಳಿದವರನ್ನು ಕೇಳಿ, ಪುಸ್ತಕಗಳನ್ನು ನೋಡಿ ಹೇಳುತ್ತೇವೆಂದು ಮಾತು ಕೊಟ್ಟು ನಾವು ಅಂದು ಮರಳಿದೆವು. ಈ ಲೇಖನ ಆ ಮಾತಿನ ಫಲ.

ಮೊದಲು ಹೆಸರಿನ ವಿಷಯ. ಜಾವಾ ದ್ವೀಪದ ಪಶ್ಚಿಮ ತುದಿಯಲ್ಲಿ ಬಾಂತೆನ್ ಎಂಬ ಬಂದರಿದೆ. ಕರಿಮೆಣಸಿನ ವ್ಯಾಪಾರಕ್ಕೆ ಹೋದ ಐರೋಪ್ಯ ನಾವಿಕರು ಅದನ್ನು ಬ್ಯಾಂಟಮ್ ಎಂದು ಕರೆದರು; ಅಲ್ಲಿ ಕಂಡ ಪುಟ್ಟ ಕೋಳಿಗಳಿಗೂ ಆ ಹೆಸರೇ ನಿಂತಿತು. ಇಂದು ಯಾವ ದೇಶದ್ದೇ ಆಗಲಿ, ಗಿಡ್ಡ ಜಾತಿಯ ಅಲಂಕಾರದ ಕೋಳಿಗಳೆಲ್ಲವೂ ಬ್ಯಾಂಟಮ್‌ಗಳೇ. ಡಚ್ಚರ ಚಿತ್ರಕಾರ ಯಾನ್ ಸ್ಟೇನ್ 1660ರಲ್ಲಿ ಬರೆದ ಕೋಳಿಯಂಗಳದ ಚಿತ್ರವೊಂದರಲ್ಲಿ ಇಂಥದೇ ಗಿಡ್ಡಗಾಲಿನ ಹಕ್ಕಿ ಕಾಣಸಿಗುತ್ತದೆ. ಕೋಳಿಗಳ ಹೆಸರುಗಳನ್ನು ಮಾತ್ರ ಪೂರ್ತಿ ನಂಬುವಂತಿಲ್ಲ. ಕೊಚ್ಚಿನ್ ಎಂಬ ತಳಿ ನಮ್ಮ ಕೊಚ್ಚಿಯದಲ್ಲ, ಚೀನದ್ದು; ಬ್ರಹ್ಮಪುತ್ರೆಯ ಹೆಸರು ಹೊತ್ತ ಬ್ರಹ್ಮ ತಳಿ ಈಗಿನ ರೂಪವನ್ನು ಪಡೆದದ್ದು ಅಮೆರಿಕದಲ್ಲಿ.

ತುಳುನಾಡಿನಿಂದ ಬಂದ ನಮ್ಮವರಿಗೆ ಕೋಳಿಯ ಪರಿಚಯವನ್ನು ಇನ್ನೊಬ್ಬರು ಮಾಡಿಕೊಡಬೇಕಾಗಿಲ್ಲ. ಬೊಳ್ಳೆ, ಕೆಮ್ಮೈರೆ ಎಂದು ಬಣ್ಣಕ್ಕೊಂದು ಹೆಸರಿಟ್ಟು, ಯಾವ ದಿನ ಯಾವ ಬಣ್ಣಕ್ಕೆ ಜಯವೆಂದು ಕುಕ್ಕುಟ ಪಂಚಾಂಗವನ್ನು ಬಿಡಿಸಿ ನೋಡಿದ ಜನ ನಾವು. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧವಾದರೂ ಕೋಳಿಕಟ್ಟದ ಮಾತು ಬಂದರೆ ಹೋಟೆಲಿನ ಭಟ್ಟಿಯ ಮುಂದೆ ನಿಂತವರ ಕಣ್ಣು ಇಂದಿಗೂ ಅರಳುತ್ತದೆ. ಆದರೆ ನಮ್ಮ ಲೆಕ್ಕದಲ್ಲಿ ಕೋಳಿಗೆ ಇದ್ದದ್ದು ಎರಡೇ ಗತಿ, ಅಂಕ ಇಲ್ಲವೆ ಕೋರಿರೊಟ್ಟಿ. ಕಾದುವುದಕ್ಕೂ ಬಾರದ, ಪಾತ್ರೆಯ ತಳವನ್ನೂ ತುಂಬದ, ಸಾಮಾನ್ಯ ಮೊಟ್ಟೆಯ ಅರ್ಧದಷ್ಟು ಮೊಟ್ಟೆಯನ್ನಿಡುವ ಕೋಳಿಯನ್ನು ಹಣ ಕೊಟ್ಟು ತಂದವರನ್ನು ಜೊತೆಯ ಕೆಲಸಗಾರರು ಗೇಲಿ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. "ನನಗೆ ಅಂಗಳವಿದ್ದರೆ ಊರಿನ ಹುಂಜವನ್ನೇ ಸಾಕುತ್ತಿದ್ದೆ, ಇರುವ ಜಾಗಕ್ಕೆ ಹೊಂದುವುದು ಇದೊಂದೇ," ಎಂಬುದು ಅವರಿಗೆ ನಮ್ಮ ಮಿತ್ರರು ಕೊಟ್ಟ ಉತ್ತರ.

ಇನ್ನು ಒಡೆಯದ ಮೊಟ್ಟೆಗಳ ವಿಚಾರ. ಪ್ರತಿಯೊಂದು ಮರಿಗೂ ಕಾಲಿನ ಉದ್ದದ ವಿಷಯದಲ್ಲಿ ಎರಡು ಪಾಲುಗಳು ಸಿಗುತ್ತವೆ, ತಂದೆಯಿಂದೊಂದು, ತಾಯಿಯಿಂದೊಂದು. ಗಿಡ್ಡಗಾಲಿನ ಪಾಲು ಒಂದು ಬಂದರೆ ಸಾಕು, ಮರಿ ಗಿಡ್ಡವಾಗುತ್ತದೆ. ಎರಡೂ ಕಡೆಯಿಂದ ಗಿಡ್ಡಗಾಲಿನ ಪಾಲೇ ಬಂದರೆ ಮರಿ ಬದುಕುವುದೇ ಇಲ್ಲ. ಸಾಮಾನ್ಯವಾಗಿ ಕಾವಿನ ಮೊದಲ ವಾರದಲ್ಲಿಯೇ ಚಿಪ್ಪಿನೊಳಗೆ ಅಳಿದುಹೋಗುತ್ತದೆ. ಆದುದರಿಂದ ಬದುಕಿರುವ ಪ್ರತಿಯೊಂದು ಗಿಡ್ಡ ಚಾಬೋ ಹಕ್ಕಿಯಲ್ಲಿಯೂ ಒಂದು ಪಾಲು ಉದ್ದಗಾಲಿನದು ಅಡಗಿಯೇ ಇರುತ್ತದೆ. ಗಿಡ್ಡ ಹುಂಜಕ್ಕೆ ಗಿಡ್ಡ ಹೇಂಟೆಯನ್ನು ಕೂಡಿಸಿದಾಗ ನಾಲ್ಕರಲ್ಲಿ ಎರಡು ಗಿಡ್ಡ, ಒಂದು ಉದ್ದ, ಒಂದು ಒಡೆಯದ ಮೊಟ್ಟೆ, ಇದು ಸರಾಸರಿಯ ಲೆಕ್ಕ. ಒಂದು ಕಾವಿನಲ್ಲಿ ಒಂದೇ ಕೆಡಬಹುದು, ಇನ್ನೊಂದರಲ್ಲಿ ಮೂರು ಕೆಡಬಹುದು. ಕಾವುಗಳನ್ನು ಕೂಡಿಸಿದಷ್ಟೂ ಮೊತ್ತ ಕಾಲು ಭಾಗದ ಹತ್ತಿರಕ್ಕೆ ಬರುತ್ತದೆ. ಇಪ್ಪತ್ತನಾಲ್ಕಕ್ಕೆ ಆರು ಬರಬೇಕಾದಲ್ಲಿ ನಮ್ಮ ಮಿತ್ರರಿಗೆ ಏಳು ಬಂದಿತ್ತು. ಗಲ್ಲಾದ ಲೆಕ್ಕದಲ್ಲಿ ಪಳಗಿದ ಅವರಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ.

ಮೆಂಡೆಲನ ಅನುವಂಶೀಯ ನಿಯಮಗಳು ಪ್ರಾಣಿಗಳಿಗೂ ಸಲ್ಲುತ್ತವೆಂಬುದನ್ನು ಇಂಗ್ಲೆಂಡಿನ ಬೇಟ್ಸನ್ 1902ರಲ್ಲಿ ಕೋಳಿಗಳ ಜುಟ್ಟಿನ ಮೂಲಕವೇ ತೋರಿಸಿಕೊಟ್ಟಿದ್ದನು. ಗಿಡ್ಡಗಾಲಿನ ಮೂಲವನ್ನು ಚೀನದ ಸಂಶೋಧಕರು ಅಲ್ಲಿಯ ಒಂದು ಬ್ಯಾಂಟಮ್ ತಳಿಯನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಎಲುಬಿನ ಬೆಳವಣಿಗೆಗೆ ಅಗತ್ಯವಾದ ವಂಶವಾಹಿಯೊಂದು ಈ ಹಕ್ಕಿಗಳ ಒಂದು ಪಾಲಿನಿಂದ ಕಳಚಿಹೋಗಿದೆ. ಇನ್ನೊಂದು ಪಾಲಿನಲ್ಲಿ ಅದು ಉಳಿದಿದ್ದರೆ ಕಾಲು ಮಾತ್ರ ಮೋಟಾಗುತ್ತದೆ; ಎರಡರಲ್ಲಿಯೂ ಇಲ್ಲವಾದರೆ ಜೀವವೇ ನಿಲ್ಲುವುದಿಲ್ಲ. ಆ ವಂಶವಾಹಿಯ ಹೆಸರು 'ಇಂಡಿಯನ್ ಹೆಡ್ಜ್‌ಹಾಗ್' ಎಂದು. ಹೆಸರುಗಳನ್ನು ನಂಬಬಾರದೆಂದು ಮೇಲೆ ಹೇಳಿದೆವಷ್ಟೆ.

ವ್ಯಾಪಾರಿ ಮೋಸ ಮಾಡಿರಲಿಲ್ಲ. ಬೆರಕೆಯೆಂದು ಹೊರಗೆ ಹಾಕಿದ ಉದ್ದಗಾಲಿನ ಮರಿಗಳು ಅದೇ ತಾಯಿತಂದೆಯರ ಸಾಚಾ ಮರಿಗಳು. ಅಷ್ಟೇ ಅಲ್ಲ, ಚಿಪ್ಪಿನೊಳಗಿನ ಸಾವನ್ನು ತಪ್ಪಿಸುವ ಉಪಾಯವೂ ಅವುಗಳಲ್ಲಿಯೇ ಇದೆ. ಉದ್ದಗಾಲಿನ ಹುಂಜವನ್ನು ಗಿಡ್ಡ ಹೇಂಟೆಯೊಡನೆ ಬಿಟ್ಟರೆ ಮರಿಗಳಲ್ಲಿ ಅರ್ಧ ಗಿಡ್ಡ, ಅರ್ಧ ಉದ್ದ. ಈ ಕಾರಣದಿಂದ ಸಾಯುವುದು ಒಂದೂ ಇಲ್ಲ. ಗಿಡ್ಡ ಮರಿಗಳ ಸಂಖ್ಯೆಯೂ ಕಡಿಮೆಯಾಗುವುದಿಲ್ಲ, ಮೊದಲೂ ನಾಲ್ಕಕ್ಕೆ ಎರಡು, ಈಗಲೂ ಎರಡೇ. ಪ್ರದರ್ಶನದಲ್ಲಿ ಉದ್ದಗಾಲಿನವಕ್ಕೆ ಬೆಲೆಯಿಲ್ಲ. ಹಾಗೆಂದು ಅವುಗಳನ್ನು ಕೈಬಿಡುವುದು ದಡ್ಡತನವೆಂದೇ ನಮ್ಮ ಅಭಿಪ್ರಾಯ.

ಅದೃಷ್ಟಕ್ಕೆ ಮೊದಲ ಕಾವಿನ ಉದ್ದಗಾಲಿನ ಹುಂಜವೊಂದು ವಸಯಿಯಲ್ಲಿ ಹೋಟೆಲಿನ ಅಡುಗೆಯವರೊಬ್ಬರ ಮನೆಯಲ್ಲಿ ಇನ್ನೂ ಜೀವದಿಂದಿತ್ತು. ಅದು ಮರಳಿ ಬಂತು. ಗಿಡ್ಡ ಹುಂಜ ಅಲ್ಲಿಗೆ ಹೋಯಿತು. ಹೇಂಟೆಯ ಒಡಲಿನಲ್ಲಿ ಹಳೆಯ ಹುಂಜದ ಬೀಜ ಎರಡು ಮೂರು ವಾರಗಳ ಕಾಲ ಉಳಿಯುವುದರಿಂದ ಆ ಅವಧಿಯ ಮೊಟ್ಟೆಗಳನ್ನು ಕಾವಿಗೆ ಇಡಬಾರದು. ತಾಯಿಗೆ ಮಗನನ್ನೇ ಕೂಡಿಸುವ ಏರ್ಪಾಡು ಒಂದು ಸಲಕ್ಕೆ ಸಾಕು, ಮುಂದಿನ ಸಲ ಬೇರೆ ಕಡೆಯ ಉದ್ದಗಾಲನ್ನು ತರಬೇಕು.

ಸಾಕುವ ಕ್ರಮದಲ್ಲಿ ಕಷ್ಟವಾದದ್ದು ಹೆಚ್ಚಿಲ್ಲ. ಹಕ್ಕಿಯೊಂದಕ್ಕೆ ದಿನಕ್ಕೆ ಸುಮಾರು 50 ಗ್ರಾಂ ಆಹಾರವೆಂದರೂ ನಾಲ್ಕಕ್ಕೆ ತಿಂಗಳಿಗೆ ಆರು ಕಿಲೋ. ಈ ತಳಿಯ ದೊಡ್ಡ ಶತ್ರು ತೇವ. ಎದೆ ನೆಲಕ್ಕೆ ತಾಗುವ ಹಕ್ಕಿಗೆ ಮುಂಬಯಿಯ ಮಳೆಗಾಲದ ಒದ್ದೆ ನೆಲವೆಂದರೆ ರೋಗದ ಹಾಸಿಗೆ. ರಕ್ತಭೇದಿಯನ್ನು ತರುವ ಕ್ರಿಮಿಗಳು ಅಂಥಲ್ಲಿಯೇ ಹೆಚ್ಚುತ್ತವೆ. ಗೂಡನ್ನು ಇಟ್ಟಿಗೆಗಳ ಮೇಲೆ ಎತ್ತರಿಸಿ, ಭತ್ತದ ಹೊಟ್ಟನ್ನು ಹಾಸಿ, ಒದ್ದೆಯಾದೊಡನೆ ಬದಲಿಸಬೇಕು. ಹೆಗ್ಗಣ ನುಸುಳದಷ್ಟು ಸಣ್ಣ ಕಣ್ಣಿನ ಬಲೆ ಇರಬೇಕು. ಕೊಕ್ಕರೆ ರೋಗ, ಅರ್ಥಾತ್ ರಾಣಿಖೇತ ರೋಗ, 1926ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿಯೂ ಗುರುತಿಸಲ್ಪಟ್ಟು, ಸ್ವಲ್ಪ ಕಾಲದಲ್ಲಿಯೇ ನಮ್ಮ ರಾಣಿಖೇತದಲ್ಲಿ ಕಾಣಿಸಿಕೊಂಡ ಮಾರಿ. ಅದಕ್ಕೆ ಲಸಿಕೆಯಿದೆ, ಆದರೆ ಒಂದು ಸೀಸೆ ನೂರಾರು ಕೋಳಿಗಳಿಗೆ ಸಾಲುವಷ್ಟು ಬರುವುದರಿಂದ, ನಾಲ್ಕು ಕೋಳಿ ಇರುವವರು ಹತ್ತು ಜನ ಕೂಡಿ ತರಿಸುವುದು ಲೇಸು. ಕೋಳಿಗಳು ಒಮ್ಮೆಗೇ ಸಾಯತೊಡಗಿದರೆ ಮುಚ್ಚಿಡದೆ ಪಶುವೈದ್ಯಾಧಿಕಾರಿಗಳಿಗೆ ತಿಳಿಸತಕ್ಕದ್ದು. 2006ರಲ್ಲಿ ದೇಶದಲ್ಲೇ ಮೊದಲ ಬಾರಿಗೆ ಹಕ್ಕಿಜ್ವರ ಪತ್ತೆಯಾದದ್ದು ಇದೇ ಮಹಾರಾಷ್ಟ್ರದ ನವಾಪುರದಲ್ಲಿ.

ಉಳಿದದ್ದು ಕೂಗಿನ ತಂಟೆ. ಪಕ್ಕದ ಖೋಲಿಯಲ್ಲಿರುವವರು ಬಾರೊಂದರಲ್ಲಿ ಕೆಲಸ ಮಾಡಿ ಕಡೆಯ ಲೋಕಲ್ ಗಾಡಿಯಲ್ಲಿ ಬಂದು ಮಲಗುವ ನಮ್ಮವರೇ. ಹುಂಜ ನಸುಕಿನ ನಾಲ್ಕಕ್ಕೆ ಕೂಗುವುದನ್ನು ಅವರು ಎಷ್ಟು ದಿನ ಸಹಿಸಿಯಾರು? ನಾವು ಪಕ್ಕದ ಮನೆಯವರ ಪಕ್ಷ. ಗೂಡಿಗೆ ಕಪ್ಪು ಬಟ್ಟೆ ಹೊದಿಸಿದರೆ ಸಾಕೆಂದು ಹಲವರು ಹೇಳುತ್ತಾರೆ, ಅದು ಅರೆಸತ್ಯ. ಹುಂಜ ಕೂಗುವುದು ಬೆಳಕನ್ನು ಕಂಡು ಮಾತ್ರವಲ್ಲ, ತನ್ನೊಳಗಿನ ಗಡಿಯಾರದಂತೆ ಎಂಬುದನ್ನು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದ್ದಾರೆ. ಹಲವು ಹುಂಜಗಳಿದ್ದಲ್ಲಿ ಯಜಮಾನ ಹುಂಜ ಮೊದಲು ಕೂಗಿ, ಉಳಿದವು ಅಂತಸ್ತಿನ ಕ್ರಮದಲ್ಲಿ ಕೂಗುತ್ತವೆಂಬುದನ್ನೂ ಅವರೇ 2015ರಲ್ಲಿ ಕಂಡುಹಿಡಿದರು. ಹೋಟೆಲಿನಲ್ಲಿ ಮೊದಲು ಏಳುವವನು ಲೋಟ ತೊಳೆಯುವ ಹುಡುಗ. ಕೋಳಿಗಳ ಲೋಕದಲ್ಲಿ ಈ ಒಂದು ವಿಷಯ ತಿರುಗುಮುರುಗು. ಕಡೆಗೆ ರಾತ್ರಿ ಹತ್ತಕ್ಕೆ ಹುಂಜವನ್ನು ಗಾಳಿಯಾಡುವ ಬುಟ್ಟಿಯಲ್ಲಿ ಮುಚ್ಚಿ ಒಳಗಿನ ಮೋರಿಯಲ್ಲಿಟ್ಟು, ಬಾಗಿಲೆಳೆದುಕೊಂಡು, ಬೆಳಿಗ್ಗೆ ಏಳಕ್ಕೆ ಹೊರಗೆ ಬಿಡುವುದೆಂದು ಎರಡು ಮನೆಗಳ ನಡುವೆ ಒಪ್ಪಂದವಾಯಿತು. ಈಗ ನಸುಕಿನಲ್ಲಿ ಎಚ್ಚರಗೊಳ್ಳುವವರು ನಮ್ಮ ಮಿತ್ರರು ಮಾತ್ರ.

ಕಳೆದ ವಾರ ನಾವು ಮತ್ತೊಮ್ಮೆ ಹೋಗಿದ್ದೆವು. ಹೊಸ ಏರ್ಪಾಡಿನ ಎಂಟು ಮೊಟ್ಟೆಗಳು ಕಾವಿನಲ್ಲಿದ್ದವು. ಏಳನೆಯ ರಾತ್ರಿ ದೀಪವಾರಿಸಿ, ಮೊಟ್ಟೆಯ ದಪ್ಪ ತುದಿಗೆ ಮೊಬೈಲಿನ ಬೆಳಕನ್ನು ಹಿಡಿದು ನೋಡಿದ್ದರಂತೆ. ಜೀವ ಅಳಿದಿದ್ದರೆ ರಕ್ತದ ಉಂಗುರವೊಂದು ಕಾಣಬೇಕು. ಅಂಥದು ಒಂದೂ ಇರಲಿಲ್ಲ. ಏಳರಲ್ಲಿ ಕೆಂಪು ನರಗಳು ಜೇಡನ ಬಲೆಯಂತೆ ಹರಡಿದ್ದವು. ಒಂದು ಬೀಜ ಕಟ್ಟದ ಬರಿಯ ಮೊಟ್ಟೆ. ಇದನ್ನು ನಮಗೆ ವರ್ಣಿಸಿದವರು ಅವರ ಪತ್ನಿ; ಬೆಳಕನ್ನು ಹಿಡಿದಿದ್ದವರೂ ಅವರೇ. ಬರುವ ಭಾನುವಾರಕ್ಕೆ ಇಪ್ಪತ್ತೊಂದು ದಿನಗಳು ತುಂಬುತ್ತವೆ. ಭಾನುವಾರ ಹೋಟೆಲಿನಲ್ಲಿ ಗಿರಾಕಿಗಳ ನೂಕುನುಗ್ಗಲು, ಗಲ್ಲಾ ಬಿಟ್ಟು ಏಳುವಂತಿಲ್ಲ. ಮೊದಲ ಮರಿ ಚಿಪ್ಪೊಡೆದೊಡನೆ ಫೋನು ಮಾಡುವುದೆಂದು ಗಂಡಹೆಂಡಿರಲ್ಲಿ ಮಾತಾಗಿದೆ. ಊರಿಗೆ ಅತ್ತೆಯವರಿಗೂ ತಾನೇ ಹೇಳುತ್ತೇನೆಂದು ಆಕೆ ಹೇಳಿದರು.