ಸ್ನಾಯುವಿಗೆ ಗೊತ್ತಿರುವುದು ಎಳೆಯುವುದೊಂದೇ

ಯಾಂತ್ರಿಕ ದೋಣಿಗಳು ಬಂದ ಮೇಲೆ ರಂಪಣಿ ಬಲೆ ಅಪರೂಪವಾಯಿತು. ಆದರೂ ಕಾರವಾರ, ಅಂಕೋಲಾ ಕಡೆಯ ಹಿರಿಯರಿಗೆ ಅದನ್ನು ದಡಕ್ಕೆ ಎಳೆಯುವ ಬಗೆ ನೆನಪಿದ್ದೀತು. ಎಲ್ಲರೂ ಒಮ್ಮೆಲೇ ಹಗ್ಗ ಬಿಟ್ಟರೆ ಬಲೆ ಹಿಂದಕ್ಕೆ ಜಾರುತ್ತದೆ. ಕೆಲವರು ಬಿಗಿಹಿಡಿದು ನಿಂತಾಗ ಉಳಿದವರು ಕೈ ಬದಲಿಸುತ್ತಾರೆ. ಹಾಗೆ ಜಗ್ಗುವವರ ರಟ್ಟೆಯೊಳಗೆ ನಡೆಯುವುದೂ ಇದೇ.

ಸ್ನಾಯುವಿನ ಪ್ರತಿ ಎಳೆಯಲ್ಲೂ ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನ್ ತಂತುಗಳಿವೆ. ನರದ ಮೂಲಕ ಆಜ್ಞೆ ತಲುಪಿದೊಡನೆ ಎಳೆಯೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಆಗ ಮಯೋಸಿನ್‌ನ ಅಸಂಖ್ಯ ಪುಟ್ಟ ಕೈಗಳು ಆಕ್ಟಿನ್ ಹಗ್ಗವನ್ನು ಹಿಡಿದು, ಜಗ್ಗಿ, ಬಿಟ್ಟು, ಮತ್ತೆ ಹಿಡಿಯುತ್ತವೆ. ತಂತುಗಳು ಗಿಡ್ಡವಾಗುವುದಿಲ್ಲ, ಒಂದರ ಪಕ್ಕದಲ್ಲೊಂದು ಜಾರುತ್ತವೆ ಎಂಬುದನ್ನು 1954ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದವು. ವಿಚಿತ್ರವೆಂದರೆ, ಎಟಿಪಿ ಎಂಬ ಇಂಧನ ಹಿಡಿತ ಸಡಿಲಿಸಲಿಕ್ಕೂ ಬೇಕು. ಸತ್ತ ಮೇಲೆ ದೇಹ ಸೆಟೆದುಕೊಳ್ಳುವುದು ಅದು ಮುಗಿಯುವುದರಿಂದಲೇ.

ಸ್ನಾಯುವಿಗೆ ದೂಡಲು ಬಾರದು. ಅದಕ್ಕೇ ಜೊತೆಗಾರ ಬೇಕು. ಮೊಣಕೈ ಮಡಚುವಾಗ ತೋಳಿನ ಮುಂಭಾಗದ ಬೈಸೆಪ್ಸ್ ಎಳೆಯುತ್ತದೆ, ಹಿಂಭಾಗದ ಟ್ರೈಸೆಪ್ಸ್ ಸಡಿಲಗೊಳ್ಳುತ್ತದೆ. ಭಾರ ದೂಡುವಾಗ ಅದಲುಬದಲು. ಹೊಟ್ಟೆ, ಬೆನ್ನಿನ ಸ್ನಾಯುಗಳು ಬಿಗಿಯಾಗಿ ನಿಂತು ಸೊಂಟವನ್ನು ಕಾಯುತ್ತವೆ.

ಇನ್ನು ತುಂಬಿದ ಕೊಡಪಾನವನ್ನು ಮೆಲ್ಲಗೆ ನೆಲಕ್ಕಿಳಿಸುವಾಗ? ಆಗಲೂ ಬೈಸೆಪ್ಸೇ ದುಡಿಯುತ್ತಿರುತ್ತದೆ, ಹಿಗ್ಗುತ್ತಲೇ ಭಾರ ತಡೆಯುತ್ತಿರುತ್ತದೆ. ಗುಡ್ಡ ಇಳಿಯುವಾಗ ತೊಡೆಗೂ ಇದೇ ಕೆಲಸ. ಅಭ್ಯಾಸವಿಲ್ಲದವರಲ್ಲಿ ಇದರಿಂದ ಎಳೆಗಳಿಗೆ ಸೂಕ್ಷ್ಮ ಪೆಟ್ಟಾಗುತ್ತದೆ. “ಡಾಕ್ಟ್ರೇ, ಮೊನ್ನೆ ವ್ಯಾಯಾಮ ಮಾಡಿದ್ದು, ಇವತ್ತು ಮೆಟ್ಟಿಲು ಇಳಿಯಲಿಕ್ಕಾಗುವುದಿಲ್ಲ” ಎಂದು ಬರುವವರ ಕಥೆ ಇದು. ಲ್ಯಾಕ್ಟಿಕ್ ಆಮ್ಲ ಸೇರಿಕೊಂಡಿದೆ ಎಂಬುದು ಹಳೆಯ ನಂಬಿಕೆ; ಅದು ಒಂದೆರಡು ಗಂಟೆಗಳಲ್ಲಿ ಕರಗಿ ಹೋಗಿರುತ್ತದೆ. ಈ ನೋವಿಗೆ ಇಂಜೆಕ್ಷನ್ ಬೇಡ. ಎರಡು ಮೂರು ದಿನ ಹಗುರವಾಗಿ ನಡೆದಾಡಿದರೆ ಸಾಕು.

ಮನೆಯ ಹಿರಿಯರು ಗಟ್ಟಿ ಕುರ್ಚಿಯಿಂದ ಎದ್ದು, ನಾಲ್ಕು ಎಣಿಸುತ್ತ ಮೆಲ್ಲಗೆ ಕೂರುವುದನ್ನು ರೂಢಿಸಿಕೊಳ್ಳಲಿ. ಮೊದಲ ವಾರ ದಿನಕ್ಕೆ ಐದಾರು ಸಲ ಸಾಕು. ಉಸಿರು ಬಿಗಿಹಿಡಿಯಬಾರದು, ರಕ್ತದೊತ್ತಡ ಏರುತ್ತದೆ. ಮೊದಲ ವಾರಗಳಲ್ಲಿ ತೋಳು, ತೊಡೆ ದಪ್ಪವಾಗದಿದ್ದರೂ ಬಲ ಹೆಚ್ಚುತ್ತದೆ. ನರಗಳು ಹೆಚ್ಚು ಎಳೆಗಳನ್ನು ಒಟ್ಟಿಗೆ ದುಡಿಸಲು ಕಲಿಯುತ್ತವೆ.

ಆದರೆ ವ್ಯಾಯಾಮದ ನಡುವೆ ಎದೆ ಹಿಂಡಿದಂತಾಗಿ ನೋವು ಎಡತೋಳಿಗೆ ಅಥವಾ ದವಡೆಗೆ ಹರಿದರೆ ಅದನ್ನು ಸ್ನಾಯುನೋವೆಂದು ಎಣ್ಣೆ ತಿಕ್ಕುತ್ತ ಕೂರಬೇಡಿ. ವಿಪರೀತ ಶ್ರಮದ ಮರುದಿನ ಮೂತ್ರ ಹಾಲಿಲ್ಲದ ಚಹಾದಂತೆ ಕಪ್ಪಗೆ ಹೋದರೂ ಅಷ್ಟೇ. ಚೂರಾದ ಸ್ನಾಯುವಿನ ಅಂಶ ಮೂತ್ರಪಿಂಡಕ್ಕೆ ಅಪಾಯ; ಅಂದೇ ಆಸ್ಪತ್ರೆಗೆ ಹೋಗಬೇಕು.